ಹಳೆ ಸಿಂಗರ್ ಮೆಷಿನ್, ಮೂರೂವರೆ ಮೀಟರ್ ಖಾದಿ, ಒಂದು ವಿಜಯನಗರದ ಕಬಾಯಿ

ತುಮಕೂರಿನ ನಮ್ಮ ಹವ್ಯಾಸಿ ತಂಡ ಈ ಸಲ ಕೃಷ್ಣದೇವರಾಯನ ಕಾಲದ ನಾಟಕ ಕೈಗೆತ್ತಿಕೊಂಡಿದೆ. ಉಡುಪಿನ ಕೆಲಸ ನನ್ನದು. ಬಾಡಿಗೆ ಅಂಗಡಿಗೆ ಹೋದರೆ ಎಲ್ಲ ರಾಜರಿಗೂ ಒಂದೇ ಉಡುಪು. ಕೆಂಪು ವೆಲ್ವೆಟ್ ಕೋಟು, ಮಿಂಚುವ ಲೇಸು, ರಟ್ಟಿನ ಕಿರೀಟ. ಪುಲಿಕೇಶಿಗೂ ಅದೇ, ಟಿಪ್ಪುವಿಗೂ ಅದೇ. ಆಸ್ಥಾನದ ದೃಶ್ಯಕ್ಕಾದರೂ ಆ ಕಾಲದವರು ನಿಜವಾಗಿ ತೊಡುತ್ತಿದ್ದ ಬಟ್ಟೆ ಬೇಕು ಅಂತ ನಿರ್ದೇಶಕರು ಹಟ ಹಿಡಿದರು. ಅಂದರೆ ಕಬಾಯಿ ಮತ್ತು ಕುಲ್ಲಾಯಿ: ಉದ್ದ ತೋಳಿನ ಬಿಳಿ ನಿಲುವಂಗಿ, ಎತ್ತರದ ಟೋಪಿ.

ಐದು ಜೊತೆ ಆಗಬೇಕು. ಈಗ ಮೊದಲ ಜೊತೆ ಮುಗಿದಿದೆ. ಉಳಿದವನ್ನು ಹೊಲಿಯುವಾಗ ನನಗೇ ಬೇಕಾಗುತ್ತದೆ, ನಾಟಕದ ಬಟ್ಟೆ ಹೊಲಿಯುವ ಬೇರೆಯವರಿಗೂ ಉಪಯೋಗವಾದೀತು ಅಂತ ಅಳತೆ, ಖರ್ಚು, ಕೆಟ್ಟದ್ದು ಎಲ್ಲ ಬರೆದಿಡುತ್ತಿದ್ದೇನೆ.

ಹಂತ 1: ಮೆಷಿನ್

ಮನೆಯಲ್ಲಿ ಮೋಟಾರ್ ಮೆಷಿನ್ ಇದೆ. ದಪ್ಪ ಬಟ್ಟೆಗೆ ಅದು ಸರಿ. ತೆಳು ಬಟ್ಟೆ ಹಾಕಿದರೆ ಕಾಲು ಮುಟ್ಟಿದ ತಕ್ಷಣ ನಾಲ್ಕು ಇಂಚು ಮುಂದೆ ಓಡಿರುತ್ತದೆ. ಮೂಲೆಯಲ್ಲಿ ನಿಂತು ತಿರುಗಬೇಕಾದ ಕಡೆ ನನಗೆ ಒಂದೊಂದೇ ಹೊಲಿಗೆ ಬೇಕು. ಅದಕ್ಕೆ ಕಾಲಲ್ಲಿ ತುಳಿಯುವ ಮೆಷಿನ್ನೇ ಸೈ.

ಹಳೆ ಸಾಮಾನಿನ ಅಂಗಡಿಯಲ್ಲಿ ಸ್ಟ್ಯಾಂಡ್ ಸಮೇತ ಒಂದು ಸಿಂಗರ್ ಸಿಕ್ಕಿತು. ₹2,500. ಮೈಮೇಲೆ ಮಾದರಿಯ ನಂಬರ್ ಇಲ್ಲ. ಆದರೆ ಮೇಲಿನ ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಎಡತುದಿಯ ಮುಖದ ತಗಡಿನ ಮೇಲಿವೆ. ಅಡಿ ದಾರ ಸುತ್ತುವ ಬಾಬಿನ್ ದುಂಡಗಿದ್ದು ಎಡಗಡೆಯಿಂದ ನಿಂತ ಹಾಗೆ ಕೂರುತ್ತದೆ. ಇಷ್ಟಿದ್ದರೆ ಅದು ಸಿಂಗರ್‌ನ 15ರ ವರ್ಗದ ಮೆಷಿನ್. ಸೀರಿಯಲ್ ನಂಬರ್ 'ವೈ' ಅಕ್ಷರದಿಂದ ಶುರುವಾಗುತ್ತದೆ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯಿಂದ 1920-30ರ ದಶಕಗಳಲ್ಲಿ ಹೊರಬಿದ್ದ ಸರಣಿ ಅದು.

15ರ ವರ್ಗ ಅಂತ ಖಾತ್ರಿಯಾದ ಮೇಲೇ ದುಡ್ಡು ಕೊಟ್ಟೆ. ಕಾರಣ ಇಷ್ಟೇ: ನಮ್ಮ ಉಷಾ, ಮೆರಿಟ್ ಕಪ್ಪು ಮೆಷಿನ್‌ಗಳೂ ಇದೇ ಮಾದರಿಯವು. ಬಾಬಿನ್, ಬಾಬಿನ್ ಕೇಸ್, ಸೂಜಿ ಯಾವ ಊರಿನ ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತವೆ. ಅದೇ ಅಂಗಡಿಯಲ್ಲಿ ಇದಕ್ಕಿಂತ ಚೆಂದದ ಇನ್ನೊಂದು ಸಿಂಗರ್ ಇತ್ತು, ದೋಣಿಯಾಕಾರದ ಶಟಲ್‌ನದು. ಅದರ ಉದ್ದನೆ ಬಾಬಿನ್ ಹುಡುಕಿಕೊಂಡು ಎಲ್ಲಿಗೆ ಹೋಗುವುದು? ನೋಡಿ ಖುಷಿಪಟ್ಟು ಅಲ್ಲೇ ಬಿಟ್ಟು ಬಂದೆ.

ಹಂತ 2: ಬಿಗಿದುಕೊಂಡ ಚಕ್ರ ಬಿಡಿಸುವುದು

ಚಕ್ರ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ತುಕ್ಕಲ್ಲ. ವರ್ಷಗಟ್ಟಲೆ ಹಾಕಿದ ಎಣ್ಣೆ ಅಂಟಾಗಿ ಒಣಗಿತ್ತು. ಕೆಲವರು ಮೆಷಿನ್ ಎಣ್ಣೆ ಮುಗಿದಾಗ ಕೊಬ್ಬರಿ ಎಣ್ಣೆ ಬಿಡುತ್ತಾರೆ. ಅದಂತೂ ಒಳಗೆ ಗೋಂದಾಗಿ ಕೂರುತ್ತದೆ.

ಮಾಡಿದ ಕೆಲಸ ಹೀಗೆ. ಮುಖದ ತಗಡು, ಹಿಂದಿನ ದುಂಡು ಮುಚ್ಚಳ, ಸೂಜಿ ತಟ್ಟೆ ಬಿಚ್ಚಿದೆ. ಯಾವ ಸ್ಕ್ರೂ ಎಲ್ಲಿಯದು ಅಂತ ಫೋನಿನಲ್ಲಿ ಫೋಟೋ ತೆಗೆದು, ಮೊಟ್ಟೆ ಟ್ರೇಯ ಗುಳಿಗಳಲ್ಲಿ ಕ್ರಮವಾಗಿ ಇಟ್ಟೆ. ಎಣ್ಣೆಯ ತೂತುಗಳಿಗೆಲ್ಲ ಒಂದೊಂದು ಹನಿ ಸೀಮೆಎಣ್ಣೆ ಬಿಟ್ಟು ರಾತ್ರಿ ಪೂರ್ತಿ ಹಾಗೇ ಬಿಟ್ಟೆ. ಬೆಳಿಗ್ಗೆ ಹೇರ್ ಡ್ರೈಯರ್‌ನಿಂದ ಬಿಸಿ ಗಾಳಿ ಕೊಟ್ಟು, ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪ ಅಲ್ಲಾಡಿಸಿದೆ. ಜೋರು ಮಾಡಬಾರದು. ಎಲ್ಲಿ ತಡೆಯುತ್ತದೋ ಅಲ್ಲಿಗೆ ಮತ್ತೊಂದು ಹನಿ, ಮತ್ತೆ ಬಿಸಿ. ಸಡಿಲವಾದ ಮೇಲೆ ಸೀಮೆಎಣ್ಣೆ ಪೂರ್ತಿ ಒರೆಸಿ ಬಿಳಿ ಮೆಷಿನ್ ಎಣ್ಣೆ ಹಾಕಿದೆ. ಸೀಮೆಎಣ್ಣೆ ಕೊಳೆ ಬಿಡಿಸುತ್ತದೆ ಅಷ್ಟೇ, ಎಣ್ಣೆಯ ಕೆಲಸ ಮಾಡುವುದಿಲ್ಲ.

ಬಾಬಿನ್ ಕೂರುವ ಕಡೆ ಇನ್ನೊಂದು ಕಥೆ. ಉಂಗುರದ ಎರಡು ಸಣ್ಣ ಸ್ಕ್ರೂ ತೆಗೆದು ಶಟಲ್ ಹೊರಗೆಳೆದರೆ, ಹಿಂದೆ ನೂಲು, ಧೂಳು, ಎಣ್ಣೆ ಸೇರಿ ಗಟ್ಟಿಯಾದ ಒಂದು ಬಿಲ್ಲೆಯೇ ಬಂತು. ಚಕ್ರ ಪೂರ್ತಿ ತಿರುಗದಿರಲು ಮುಖ್ಯ ಕಾರಣ ಅದೇ. ಅಂದರೆ ಮೊದಲು ನೋಡಬೇಕಾದದ್ದು ಇಲ್ಲಿ, ಎಣ್ಣೆ ತೂತು ಆಮೇಲೆ.

ಮೈ ಒರೆಸುವಾಗ ಒಂದು ಎಚ್ಚರಿಕೆ. ಆ ಕಾಲದ ಸಿಂಗರ್‌ಗಳ ಹೊಳಪು ಅರಗಿನ ಪಾಲಿಶ್. ಸ್ಪಿರಿಟ್ ಅಥವಾ ಥಿನ್ನರ್ ಮುಟ್ಟಿಸಿದರೆ ಪಾಲಿಶ್ ಕರಗಿ, ಅದರ ಜೊತೆ ಚಿನ್ನದ ಬಣ್ಣದ ಚಿತ್ತಾರವೂ ಬಟ್ಟೆಗೆ ಬಂದುಬಿಡುತ್ತದೆ. ನನ್ನ ಮೆಷಿನ್‌ನ ಬಲಗಂಬದ ಮೇಲೆ ಹಿಂದಿನವರು ಯಾರೋ ಹೀಗೆ ಉಜ್ಜಿದ ಗುರುತಿದೆ. ನಾನು ಹತ್ತಿ ಬಟ್ಟೆಗೆ ಮೆಷಿನ್ ಎಣ್ಣೆ ಹಾಕಿ ಒರೆಸಿದೆ, ಸಾಕು.

ಬದಲಿಸಿದ್ದು: ಚರ್ಮದ ಬೆಲ್ಟ್ ₹90, ಬಾಬಿನ್ ಕೇಸ್ ₹80, ಬಾಬಿನ್ ಐದು ₹25, ಟೆನ್ಷನ್‌ನ ಸ್ಪ್ರಿಂಗ್ ₹20, ಬಾಬಿನ್ ಸುತ್ತುವ ರಬ್ಬರ್ ರಿಂಗ್ ₹10, ಎಣ್ಣೆ ₹50, ಸೂಜಿ ಪೊಟ್ಟಣ ₹60. ಹಲಗೆಯ ಒಂದು ಮೂಲೆ ಗೆದ್ದಲು ತಿಂದಿತ್ತು, ಬಡಗಿಗೆ ₹300. ಬೆಲ್ಟನ್ನು ಬಿಗಿಯಾಗಿ ಕತ್ತರಿಸಿದರೆ ತುಳಿಯಲು ಭಾರ, ಸಡಿಲ ಬಿಟ್ಟರೆ ಜಾರುತ್ತದೆ. ಬೆರಳಲ್ಲಿ ಒತ್ತಿದಾಗ ಅರ್ಧ ಇಂಚು ಒಳಗೆ ಹೋಗುವಷ್ಟು ಬಿಟ್ಟೆ.

ಬಿಡಿಭಾಗ ಕೊಟ್ಟ ಅಂಗಡಿಯ ಹಿರಿಯರು ಒಂದು ಮಾತು ಹೇಳಿದರು. "ನೋಡಮ್ಮ, ದಾರ ಹಾಕೋಕೆ ಮುಂಚೆ ಬರೀ ಕಾಗದದ ಮೇಲೆ ತುಳಿ. ಚಕ್ರ ಹಿಂದಕ್ಕೆ ಹೋಗದೆ ಇರೋ ಹಾಗೆ ಕಾಲಿಗೆ ರೂಢಿ ಆಗಲಿ." ಸರಿಯಾದ ಮಾತು. ಚಕ್ರದ ಮೇಲ್ಭಾಗ ನಮ್ಮ ಕಡೆಗೆ ಬರಬೇಕು. ಒಂದು ಸಲ ಉಲ್ಟಾ ಹೋದರೂ ದಾರ ಒಳಗೆ ಸುತ್ತಿಕೊಂಡು ಕೂರುತ್ತದೆ. ಹಳೆ ಪಂಚಾಂಗದ ಹಾಳೆಗಳ ಮೇಲೆ ದಾರವಿಲ್ಲದೆ ತುಳಿದು ಕಲಿತೆ.

ಹಂತ 3: ತೆಳು ಬಟ್ಟೆಗೆ ಹೊಂದಿಸುವುದು

ದಪ್ಪ ಕಾಟನ್ ಮೇಲೆ ಹೊಲಿಗೆ ಚೆನ್ನಾಗಿ ಬಂತು. ಮಲ್‌ಮಲ್ ಹಾಕಿದೆ, ಎಲ್ಲ ಕೆಟ್ಟಿತು. ಬಟ್ಟೆ ಸುಕ್ಕು, ನಡುನಡುವೆ ಹೊಲಿಗೆ ಬಿಟ್ಟುಹೋಗುವುದು, ಶುರುವಿನಲ್ಲಿ ಬಟ್ಟೆಯ ತುದಿ ಸೂಜಿ ತೂತಿನೊಳಗೆ ಹೋಗಿ ಕಚ್ಚಿಕೊಳ್ಳುವುದು.

ಒಂದೊಂದಾಗಿ ಸರಿಮಾಡಿದೆ. ಸೂಜಿ 16 ತೆಗೆದು 11 ಹಾಕಿದೆ. ಹೊಲಿಗೆ ಬಿಡುವುದು ಬಹುಪಾಲು ಅಲ್ಲೇ ನಿಂತಿತು. ಸೂಜಿಯ ಉದ್ದ ಕಾಲುವೆ ಯಾವ ಕಡೆ ಇದೆಯೋ ಆ ಕಡೆಯಿಂದಲೇ ದಾರ ಪೋಣಿಸಬೇಕು, ಸೂಜಿ ಮೇಲಕ್ಕೆ ತಾಗುವಷ್ಟು ಒಳಗೆ ಹೋಗಿರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಮೆಷಿನ್ ಕೆಟ್ಟಿದೆ ಅಂತ ಅನಿಸುತ್ತದೆ. ಶಟಲ್ ಕೊಕ್ಕೆಯ ತುದಿಯನ್ನು ಉಗುರಿನಿಂದ ಸವರಿದಾಗ ಸಣ್ಣ ತರಚು ಸಿಕ್ಕಿತು. 1000 ನಂಬರಿನ ಎಮರಿ ಪೇಪರನ್ನು ಎಣ್ಣೆಯಲ್ಲಿ ಅದ್ದಿ ಮೆಲ್ಲಗೆ ಉಜ್ಜಿದೆ. ತುದಿಯ ಆಕಾರ ಬದಲಾಗಬಾರದು, ತರಚು ಮಾತ್ರ ಹೋಗಬೇಕು.

ಸುಕ್ಕಿಗೆ ನಾಲ್ಕು ಕಡೆ ಕೈಹಾಕಿದೆ. ಮೇಲಿನ ಟೆನ್ಷನ್ ಸಡಿಲ ಮಾಡಿದೆ. ಬಟ್ಟೆ ಒತ್ತಿ ಹಿಡಿಯುವ ಮೆಷಿನ್ ಕಾಲಿನ ಮೇಲಿನ ಸ್ಕ್ರೂವನ್ನೂ ಸ್ವಲ್ಪ ಬಿಚ್ಚಿದೆ. ಇಂಚಿಗೆ 10 ಇದ್ದ ಹೊಲಿಗೆಯನ್ನು 14ಕ್ಕೆ ತಂದೆ. ಪಾಲಿಯೆಸ್ಟರ್ ದಾರ ಬಿಟ್ಟು ತೆಳು ಹತ್ತಿ ದಾರ ಹಾಕಿದೆ. ತುದಿ ಕಚ್ಚುವುದಕ್ಕೆ ಮದ್ದು ತೆಳು ಕಾಗದ: ಬಟ್ಟೆಯ ಅಡಿಗೆ ಒಂದು ಪಟ್ಟಿ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯುವುದು.

ಈ ಮೆಷಿನ್‌ಗೆ ರಿವರ್ಸ್ ಇಲ್ಲ. ಕೊನೆಯಲ್ಲಿ ದಾರ ಉದ್ದ ಬಿಟ್ಟು ಅಡಿಗೆ ಎಳೆದು ಗಂಟು ಹಾಕಬೇಕು. ತೆಳು ಬಟ್ಟೆಗೆ ಇದೇ ವಾಸಿ ಅನ್ನಿ. ರಿವರ್ಸ್ ಹೊಲಿಗೆ ಅಲ್ಲಿ ದಪ್ಪ ಕಪ್ಪು ಚುಕ್ಕೆಯಾಗಿ ಕಾಣುತ್ತದೆ.

ಹಂತ 4: ಏನನ್ನು ಹೊಲಿಯಬೇಕು?

ವಿಜಯನಗರದ ಕಾಲದ ಬಟ್ಟೆಯನ್ನು ಮುಂದಿಟ್ಟುಕೊಂಡು ನಕಲು ಮಾಡುವ ಮಾತಿಲ್ಲ. ಚಿತ್ರ, ಶಿಲ್ಪ, ಕಂಡವರು ಬರೆದ ಮಾತು, ಇಷ್ಟರಿಂದಲೇ ಕಟ್ಟಬೇಕು.

ತುಮಕೂರಿನಿಂದ ಮಧುಗಿರಿ, ಹಿಂದೂಪುರ ದಾಟಿದರೆ ಲೇಪಾಕ್ಷಿ. ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ ವೀರಭದ್ರ ದೇವಸ್ಥಾನ. ಅಚ್ಯುತರಾಯ ಆಳಿದ್ದು 1529ರಿಂದ 1542. ನಮ್ಮ ನಾಟಕದ ಕಾಲಕ್ಕೆ ತೀರಾ ಹತ್ತಿರ. ಮಂಟಪದ ಚಾವಣಿಯ ಚಿತ್ರಗಳಲ್ಲಿ ಆ ಅಣ್ಣತಮ್ಮಂದಿರೂ ಅವರ ಪರಿವಾರವೂ ನಿಂತಿದ್ದಾರೆ. ಉದ್ದ ಬಿಳಿ ಅಂಗಿ, ಒಳಗಿನ ಮೈಯೂ ಉಟ್ಟ ಬಟ್ಟೆಯೂ ಕಾಣುವಷ್ಟು ತೆಳು. ತಲೆ ಮೇಲೆ ಚಿತ್ತಾರದ ಎತ್ತರದ ಟೋಪಿ. ಹೋಗುವವರು ದುರ್ಬೀನು ಒಯ್ಯಿರಿ. ಕತ್ತೆತ್ತಿ ನೋಡುವುದಕ್ಕಿಂತ ನೆಲದ ಮೇಲೆ ಅಂಗಾತ ಮಲಗಿ ನೋಡುವುದು ವಾಸಿ.

ತಿರುಮಲೆಯ ದೇವಸ್ಥಾನದಲ್ಲಿ ಕೃಷ್ಣದೇವರಾಯನೂ ತಿರುಮಲದೇವಿ, ಚಿನ್ನಾದೇವಿಯರೂ ಕೈಮುಗಿದು ನಿಂತ ಲೋಹದ ವಿಗ್ರಹಗಳಿವೆ. ಅಲ್ಲಿ ರಾಜನ ಎದೆ ಬರಿದು, ಆದರೆ ತಲೆಯ ಮೇಲೆ ಕುಲ್ಲಾಯಿ ಇದೆ. ಅಂದರೆ ದೇವರ ಮುಂದೆ ನಿಲ್ಲುವ ದೃಶ್ಯಕ್ಕೆ ಬೇರೆ ಲೆಕ್ಕ, ಆಸ್ಥಾನಕ್ಕೆ ಬೇರೆ. ನಮ್ಮ ನಾಟಕದಲ್ಲಿ ಎರಡೂ ದೃಶ್ಯಗಳಿವೆ. ಒಂದು ಕಬಾಯಿ ಹೊಲಿಯುವ ಕೆಲಸ ಉಳಿಯಿತು.

ಬರಹಗಳಲ್ಲಿ ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ಪೋರ್ಚುಗೀಸರದ್ದು. 1520ರ ಸುಮಾರಿಗೆ ಬಂದ ಡೊಮಿಂಗೊ ಪಾಯಸ್ ರಾಜನನ್ನು ಕಂಡು ಬರೆದದ್ದು: ಚಿನ್ನದ ಗುಲಾಬಿಗಳ ಕಸೂತಿಯ ಬಿಳಿ ಬಟ್ಟೆ, ಶಿರಸ್ತ್ರಾಣದಂಥ ಜರತಾರಿ ಟೋಪಿ, ಅದರ ಮೇಲೆ ತೆಳು ರೇಷ್ಮೆ, ಕಾಲು ಬರಿಗಾಲು. ಬರಿಗಾಲು ಅಂತ ಓದಿದ ದಿನ ಮೊಜಡಿಗೆ ಇಟ್ಟ ದುಡ್ಡು ಉಳಿಯಿತು. ಆಮೇಲೆ, 1535ರ ಹೊತ್ತಿಗೆ, ಕುದುರೆ ವ್ಯಾಪಾರಿ ನುನಿಜ್ ಬರೆದದ್ದು ದರ್ಜಿಗೆ ಇನ್ನೂ ಹತ್ತಿರದ ಮಾತು. ರಾಜರು ಕೆಲವು ಸಲ ತೊಡುವ ಮೇಲಂಗಿ ಲಂಗ ಸೇರಿಸಿದ ಅಂಗಿಯ ಹಾಗಿರುತ್ತದೆ ಅನ್ನುತ್ತಾನೆ. ಮೇಲೆ ಮೈಗೆ ಹತ್ತಿರ, ಕೆಳಗೆ ಅಗಲ. ಟೋಪಿಗೆ ಇಪ್ಪತ್ತು ಕ್ರುಜಾಡೊ (ಪೋರ್ಚುಗೀಸ್ ಚಿನ್ನದ ನಾಣ್ಯ) ಬೆಲೆ, ಒಮ್ಮೆ ತಲೆಯಿಂದ ತೆಗೆದರೆ ರಾಜ ಅದನ್ನು ಮತ್ತೆ ಇಡುವುದಿಲ್ಲ ಅಂತಲೂ ಬರೆದಿದ್ದಾನೆ. ನಮ್ಮ ರಾಜ ಎಲ್ಲ ಪ್ರದರ್ಶನಕ್ಕೂ ಒಂದೇ ಟೋಪಿ ಇಡಬೇಕು, ಅದು ಬೇರೆ ಮಾತು.

ಯಾವುದರ ಮೇಲೆ ಯಾವುದು? ಇದಕ್ಕೆ ಉತ್ತರ ಕೊಟ್ಟದ್ದು ಒಂದು ತೆಲುಗು ಚಾಟು ಪದ್ಯ, ಅಂದರೆ ಬಾಯಿಂದ ಬಾಯಿಗೆ ಬಂದ ಬಿಡಿ ಪದ್ಯ. ಕವಿ ಶ್ರೀನಾಥ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದು ಪಟ್ಟ ಪಾಡು ಅಂತ ಅದನ್ನು ಹೇಳುತ್ತಾರೆ. ಕುಲ್ಲಾಯಿ ಇಟ್ಟೆ, ಕೋಕ ಸುತ್ತಿದೆ, ದೊಡ್ಡ ಕೂರ್ಪಾಸ ತೊಟ್ಟೆ ಅಂತ ಗೊಣಗುತ್ತಾನೆ ಕವಿ. ಕೋಕ ಅಂದರೆ ಒಳಗೆ ಸುತ್ತಿದ ಬಟ್ಟೆ, ಕೂರ್ಪಾಸ ಅಂದರೆ ಮೇಲೆ ಹೊಲಿದ ಅಂಗಿ. ಲೇಪಾಕ್ಷಿಯ ಚಿತ್ರಕ್ಕೂ ಇದಕ್ಕೂ ತಾಳೆಯಾಗುತ್ತದೆ. ಆದ್ದರಿಂದ ಪೈಜಾಮ ಪಟ್ಟಿಯಿಂದ ಹೊಡೆದುಹಾಕಿ ಪಂಚೆ ಸೇರಿಸಿದೆ.

ಹಂತ 5: ಕೆಟ್ಟುಹೋದ ಮೊದಲ ಅಂಗಿ

44 ಇಂಚು ಅಗಲದ ಮಲ್‌ಮಲ್ 4 ಮೀಟರ್, ಮೀಟರಿಗೆ ₹130ರಂತೆ ₹520. ಉದ್ದ ಕುರ್ತಾದ ಪ್ಯಾಟರ್ನ್ ಇತ್ತು, ಅದನ್ನೇ ಇಟ್ಟು ಕತ್ತರಿಸಿದೆ. ಇಳಿಜಾರು ಭುಜ, ಕಮಾನಿನಂಥ ಕಂಕುಳು, ಕೆಳಗೆ ಮಾತ್ರ ಅಗಲ.

ಹೊಲಿಗೆಯಲ್ಲಿ ದೋಷವಿರಲಿಲ್ಲ. ಆದರೆ ನಟ ತೊಟ್ಟು ನಿಂತರೆ ಮದುವೆಗೆ ಬಂದವನು, ವಿಜಯನಗರದವನಲ್ಲ. ಕೈ ಎತ್ತಿದರೆ ಇಡೀ ಅಂಗಿ ಮೇಲೆ ಬರುತ್ತಿತ್ತು. ಭುಜದ ಹೊಲಿಗೆ ಬೆಳಕಿಗೆ ಕಪ್ಪು ಗೆರೆಯಾಗಿ ಎದ್ದು ಕಾಣುತ್ತಿತ್ತು. ಕತ್ತರಿಸಿ ಉಳಿದ ವಕ್ರ ತುಂಡುಗಳು ಒಂದು ಚೀಲದಷ್ಟು.

ಆ ಚೀಲ ನೋಡಿದಾಗಲೇ ದಾರಿ ಹೊಳೆದದ್ದು. ಕೈಯಲ್ಲಿ ನೂತು ನೇಯ್ದ ಬಟ್ಟೆಯನ್ನು ಯಾರು ಹೀಗೆ ಬಿಸಾಕುತ್ತಾರೆ? ಹಳೆ ಜಾಮಾ, ಅಂಗರಖಾ, ಕಲಿದಾರ್ ಕುರ್ತಾ ಯಾವುದನ್ನೇ ಬಿಚ್ಚಿ ನೋಡಿ. ಬಹುಪಾಲು ಆಯತ, ತ್ರಿಕೋನ, ಸಣ್ಣ ಚೌಕಗಳೇ ಇರುತ್ತವೆ. ಚಿತ್ರ ಹೊರಗಿನ ರೂಪ ಕೊಡುತ್ತದೆ. ಒಳಗಿನ ಕತ್ತರಿ ಎಲ್ಲಿ ಹೋಗಬೇಕು ಅನ್ನುವುದನ್ನು ಮಗ್ಗದ ಅಗಲ ಹೇಳುತ್ತದೆ. ಇಷ್ಟು ದಿನ ನಾನು ಚಿತ್ರವನ್ನೇ ನೋಡುತ್ತಾ ಕೂತಿದ್ದೆ, ಬಟ್ಟೆಯನ್ನು ನೋಡಿರಲಿಲ್ಲ.

ಹಂತ 6: ಮಗ್ಗದ ಅಗಲಕ್ಕೆ ಕತ್ತರಿಸಿದ್ದು

ತೆಳು ಖಾದಿ 3.5 ಮೀಟರ್, ಮೀಟರಿಗೆ ₹190, ಒಟ್ಟು ₹665. ನೀರಲ್ಲಿ ನೆನೆಸಿ, ಒಣಗಿಸಿ ಅಳೆದಾಗ 36 ಇಂಚು ಅಗಲ ಉಳಿಯಿತು. ಅನ್ನದ ಗಂಜಿಯನ್ನು ತೆಳ್ಳಗೆ ಮಾಡಿ ಅದ್ದಿ, ಅರೆ ಒದ್ದೆ ಇರುವಾಗ ಇಸ್ತ್ರಿ ಮಾಡಿದೆ. ಗಂಜಿ ಹಾಕಿದ ಬಟ್ಟೆ ಕತ್ತರಿಗೂ ಮೆಷಿನ್‌ಗೂ ಹೇಳಿದ ಹಾಗೆ ಕೇಳುತ್ತದೆ. ಚಾಕ್‌ಪೀಸ್ ಗೆರೆ ನಂಬಲಿಲ್ಲ. ಒಂದೊಂದು ಎಳೆ ಎಳೆದು ತೆಗೆದು, ಆ ಖಾಲಿ ಗೆರೆಯ ಮೇಲೇ ಕತ್ತರಿಸಿದೆ.

ನಟನ ಎದೆ 38 ಇಂಚು, ಎತ್ತರ 5 ಅಡಿ 8 ಇಂಚು. ಲೆಕ್ಕ ಹೀಗಿದೆ:

ಮೈ: 20 ಇಂಚು ಅಗಲ, 92 ಇಂಚು ಉದ್ದದ ಒಂದೇ ಪಟ್ಟಿ. ಅರ್ಧಕ್ಕೆ ಮಡಚಿದರೆ ಮುಂದೆ 46, ಹಿಂದೆ 46. ಭುಜದಲ್ಲಿ ಹೊಲಿಗೆಯೇ ಇಲ್ಲ.

ಕಲಿ (ಕೆಳಗೆ ಅಗಲ ಬರಲು ಬದಿಗೆ ಸೇರಿಸುವ ಓರೆ ತುಂಡು): ಮೈ ಪಟ್ಟಿಯ ಪಕ್ಕದಲ್ಲಿ 16 ಇಂಚು ಅಗಲ ಉಳಿಯುತ್ತದೆ. ಅದರಲ್ಲಿ 34 ಇಂಚು ಉದ್ದದ ಎರಡು ಆಯತ. ಪ್ರತಿ ಆಯತವನ್ನೂ ಓರೆಯಾಗಿ ಸೀಳಿದರೆ ಮೇಲೆ 2, ಕೆಳಗೆ 14 ಇಂಚಿನ ಎರಡೆರಡು ಕಲಿ. ಒಟ್ಟು ನಾಲ್ಕು.

ತೋಳು: 28 ಇಂಚು ಉದ್ದದ ತುಂಡಿನಲ್ಲಿ ಪಕ್ಕಪಕ್ಕ ಎರಡು, ತಲಾ 18 ಇಂಚು ಅಗಲ. ಮಣಿಕಟ್ಟಿಗೆ 10 ಇಂಚಿಗೆ ಇಳಿಸಿದೆ. ಕೈಯ ಉದ್ದಕ್ಕಿಂತ 5 ಇಂಚು ಜಾಸ್ತಿ ಬಿಟ್ಟದ್ದು ಮುಂಗೈ ಮೇಲೆ ನೆರಿಗೆ ಕೂರಲಿ ಅಂತ. ಇದು ನನ್ನ ಆಯ್ಕೆ.

ಬಗಲಿನ ಚೌಕ: ನಾಲ್ಕೂವರೆ ಇಂಚಿನ ಎರಡು. ಕಲಿ ಕತ್ತರಿಸಿ ಉಳಿದ 16 ಗುಣಿಸು 24ರ ತುಂಡಿನಿಂದ ಬಂದವು. ಕತ್ತಿನ ಪಟ್ಟಿಯೂ ಅಲ್ಲೇ ಸಿಕ್ಕಿತು. ತೋಳಿನ ಪಕ್ಕದಲ್ಲಿ ಉಳಿದ ಉದ್ದನೆ ತುಂಡುಗಳು ಕಟ್ಟುವ ಕಸೆಗಳಾದವು.

92ಕ್ಕೆ 28 ಸೇರಿಸಿದರೆ 120 ಇಂಚು, ಮೂರು ಮೀಟರಿಗೆ ಸ್ವಲ್ಪ ಜಾಸ್ತಿ. ಬಿಸಾಕಿದ್ದು ಒಂದು ಹಿಡಿಯೂ ಇಲ್ಲ. 44 ಇಂಚು ಬಟ್ಟೆಯಲ್ಲಿ 4 ಮೀಟರ್ ಹಿಡಿದ ಅಂಗಿ ಇಲ್ಲಿ ಕಡಿಮೆ ಅಗಲದಲ್ಲಿ, ಕಡಿಮೆ ಉದ್ದದಲ್ಲಿ ಮುಗಿದಿತ್ತು. ಎದೆ ದಪ್ಪ ಇರುವ ನಟನಿಗೆ ಮೈ ಪಟ್ಟಿ ಅಗಲ ಮಾಡಬೇಡಿ, ಕಲಿಯ ಮೇಲ್ತುದಿಯನ್ನು 3 ಇಂಚು ಮಾಡಿ. ಕೆಳಗೆ 13 ಬರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಹಂತ 7: ಹೊಲಿಗೆ

ಕ್ರಮ ಮುಖ್ಯ. ಮೈ ಪಟ್ಟಿ ಹಾಸಿ, ಮಡಿಕೆಯ ನಡುವಿಗೆ ತೋಳಿನ ನಡು ಸೇರಿಸಿ ಮೊದಲು ತೋಳು. ಆಮೇಲೆ ಬಗಲಿನ ಚೌಕದ ಒಂದು ಅಂಚು ತೋಳಿಗೆ. ಆಮೇಲೆ ಕಲಿಗಳು. ಕೊನೆಗೆ ಮಣಿಕಟ್ಟಿನಿಂದ ಬಗಲು ದಾಟಿ ಕೆಳಗಿನವರೆಗೆ ಒಂದೇ ಓಟ. ಕತ್ತನ್ನು ಎಲ್ಲಕ್ಕಿಂತ ಕೊನೆಗೆ ಕತ್ತರಿಸಿದೆ. ಮೊದಲೇ ಕತ್ತರಿಸಿದ್ದರೆ ಎಳೆದಾಡುವಾಗ ಹಿಗ್ಗಿಬಿಡುತ್ತಿತ್ತು. ಮುಂದೆ 9 ಇಂಚಿನ ಸೀಳು ಬಿಟ್ಟು, ಗುಂಡಿ ಬದಲು ಕಸೆ ಇಟ್ಟೆ.

ಬಟ್ಟೆ ಪಾರದರ್ಶಕ. ಇಂಟರ್‌ಲಾಕ್ ಮಾಡಿದರೆ ಒಳಗಿನ ಜಾಲರಿ ಹೊರಗೆ ಕಾಣುತ್ತದೆ. ಹಾಗಾಗಿ ಮೊದಲು ಸರಿ ಮುಖ ಹೊರಗಿಟ್ಟು ಕಾಲಿಂಚಿನಲ್ಲಿ ಹೊಲಿದು, ಅಂಚು ಸವರಿ, ಒಳಗೆ ತಿರುಗಿಸಿ ಮತ್ತೆ ಕಾಲಿಂಚಿನಲ್ಲಿ ಹೊಲಿದೆ. ಅಂಚು ಒಳಗೇ ಮುಚ್ಚಿಹೋಗುತ್ತದೆ. ಒಟ್ಟು ಅರ್ಧ ಇಂಚು ಹೋಗುತ್ತದೆ, ಮೇಲಿನ ಅಳತೆಯಲ್ಲಿ ಅದು ಸೇರಿದೆ. ಹೊಲಿದ ಮೇಲೆ ಕೆಳಗಿನ ಘೇರು, ಅಂದರೆ ಸುತ್ತಳತೆ, 90 ಇಂಚು ಉಳಿಯಿತು.

ಬಗಲಿನ ಚೌಕವೇ ಕಷ್ಟದ ಜಾಗ. ಮೂಲೆಗೆ ಅರ್ಧ ಇಂಚು ಮೊದಲು ನಿಲ್ಲಿಸಿ, ಸೂಜಿ ಬಟ್ಟೆಯೊಳಗೇ ಬಿಟ್ಟು, ಕಾಲೆತ್ತಿ ಬಟ್ಟೆ ತಿರುಗಿಸಬೇಕು. ಇಲ್ಲಿ ಪೆಡಲ್ ತುಳಿಯಲೇ ಇಲ್ಲ, ಚಕ್ರವನ್ನು ಕೈಯಲ್ಲಿ ತಿರುಗಿಸಿದೆ. ಎರಡನೇ ಬಗಲಿನ ಮೂಲೆಯಲ್ಲಿ ಅಡಿಯ ಪದರ ಮಡಚಿಕೊಂಡು ಸಣ್ಣ ಚೀಲ ಬಿದ್ದಿತ್ತು. ಬಿಚ್ಚಿ, ಕಚ್ಚಾ ಹೊಲಿಗೆ ಹಾಕಿಕೊಂಡು ಮತ್ತೆ ಹೊಲಿದೆ. ಮುಂದಿನ ನಾಲ್ಕು ಅಂಗಿಗೆ ಈ ಮೂಲೆಗಳನ್ನು ಮೊದಲೇ ಕೈಯಲ್ಲಿ ಕಚ್ಚಾ ಹಾಕುವುದು ಅಂತ ಬರೆದಿಟ್ಟಿದ್ದೇನೆ.

16ನೇ ಶತಮಾನದಲ್ಲಿ ಮೆಷಿನ್ ಎಲ್ಲಿತ್ತು ಅಂತ ಕೇಳುವವರಿದ್ದಾರೆ. ನನ್ನ ಲೆಕ್ಕ ಸರಳ. ಒಳಗೆ ಮುಚ್ಚಿಹೋಗುವ ಹೊಲಿಗೆ ಮೆಷಿನ್‌ನದು, ಹೊರಗೆ ಕಾಣುವುದು ಕೈಯದು. ಕತ್ತಿನ ಪಟ್ಟಿ, ಕಸೆ, ಕೆಳ ಅಂಚು ಕೈಯಲ್ಲಿ. ಕೆಳ ಅಂಚಿಗೆ ಮೊದಲು ಮೆಷಿನ್ನೇ ಹಾಕಿ ನೋಡಿದ್ದೆ. ಅಂಚು ಬಿರುಸಾಗಿ ನಿಂತುಬಿಟ್ಟಿತು, ನಡೆದಾಗ ಬಟ್ಟೆ ಅಲುಗಲಿಲ್ಲ. ಬೆರಳಲ್ಲಿ ಸುರುಳಿ ಸುತ್ತಿ ಸಣ್ಣ ಸೂಜಿಯಲ್ಲಿ ಹೆಮ್ಮಿಂಗ್ ಮಾಡಿದ ಮೇಲೆ ಘೇರು ಕಾಲಿನ ಜೊತೆ ಆಡಿತು. 90 ಇಂಚು ಹೆಮ್ಮಿಂಗ್ ಅಂದರೆ ಬೆನ್ನು ಕೇಳುತ್ತದೆ, ನಿಜ. ಆದರೆ ಮುಂದಿನ ಸಾಲಿನವರಿಗೆ ಮೊದಲು ಕಾಣುವುದೇ ಅದು.

ಹಂತ 8: ಕುಲ್ಲಾಯಿ

ಹಳೆ ಬನಾರಸಿ ಸೀರೆಯ ಸೆರಗು ಮನೆಯಲ್ಲಿತ್ತು. ಬಿರುಸಾಗಿ ನಿಲ್ಲಿಸುವ ಬಕ್ರಮ್ ಬಟ್ಟೆ ₹40, ಅಸ್ತರಿನ ಹತ್ತಿ ಬಟ್ಟೆ ₹60. ತಲೆ ಸುತ್ತಳತೆ 22 ಇಂಚು. ಬುಡದಲ್ಲಿ 6 ಇಂಚು, ಎತ್ತರ 13 ಇಂಚಿನ ನಾಲ್ಕು ಎಸಳು ಕತ್ತರಿಸಿ, ಎರಡು ಪದರ ಬಕ್ರಮ್ ಕೊಟ್ಟು ಹೊಲಿದೆ. ಸೂಜಿ 16.

ನಟ ಇಟ್ಟುಕೊಂಡಾಗ ಇಡೀ ತಂಡ ನಕ್ಕಿತು. ಹುಟ್ಟುಹಬ್ಬದ ಟೋಪಿಯ ಹಾಗೇ ಇತ್ತು. ಚೂಪು ತುದಿ, ನೆಟ್ಟಗೆ ನಿಂತ ಬಿಗಿ. ಪಾಯಸ್ ಶಿರಸ್ತ್ರಾಣ ಅಂದದ್ದು ಆಗ ನೆನಪಾಯಿತು. ತಿರುಮಲೆಯ ವಿಗ್ರಹದ ಫೋಟೋ ಮತ್ತೆ ತೆಗೆದು ನೋಡಿದೆ. ತುದಿ ಚೂಪಲ್ಲ, ದುಂಡು.

ಬಿಚ್ಚಿದೆ. ಎತ್ತರ 11 ಇಂಚಿಗೆ ಇಳಿಸಿದೆ. ಎಸಳಿನ ಬದಿಗಳನ್ನು ನೇರ ಬಿಟ್ಟು ಹೊರಗೆ ಬಾಗಿಸಿ, ಮೇಲಿನ ಎರಡು ಇಂಚಿನಲ್ಲಿ ಮಾತ್ರ ಒಳಗೆ ತಿರುಗಿಸಿದೆ. ಬಕ್ರಮ್ ಒಂದೇ ಪದರ, ಅದೂ ಕೆಳಗಿನ 7 ಇಂಚಿಗೆ. ಮೇಲ್ಭಾಗ ಮೆತ್ತಗಿದ್ದು ಸ್ವಲ್ಪ ಹಿಂದಕ್ಕೆ ವಾಲುತ್ತದೆ. ಈಗ ಟೋಪಿ ಟೋಪಿಯ ಹಾಗಿದೆ. ಒಳಗೆ ಬೆವರಿಗೆ ಒಂದೂವರೆ ಇಂಚಿನ ಹತ್ತಿ ಪಟ್ಟಿ ಕೈಯಲ್ಲಿ ಹೊಲಿದಿದ್ದೇನೆ. ಪ್ರದರ್ಶನ ಮುಗಿದಾಗ ಅದನ್ನು ಮಾತ್ರ ಬಿಚ್ಚಿ ಒಗೆಯಬಹುದು. ಜರಿ ಒಗೆಯುವ ಹಾಗಿಲ್ಲವಲ್ಲ.

ಹಂತ 9: ದೀಪದ ಕೆಳಗೆ

ರಂಗದ ದೀಪ ಹಾಕಿ ನೋಡಿದಾಗ ಎರಡು ತೊಂದರೆ. ಒಂದು, ಬಿಳಿ ಕಣ್ಣು ಕುಕ್ಕುತ್ತಿತ್ತು, ಮುಖ ಕಪ್ಪಾಗಿ ಕಾಣುತ್ತಿತ್ತು. ನೀಲಿ ಹಾಕಿ ಒಗೆಯುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹತ್ತು ಲೀಟರ್ ಬಿಸಿ ನೀರಿಗೆ ಮೂರು ಹಿಡಿ ಚಹಾ ಪುಡಿ ಕುದಿಸಿ, ಸೋಸಿ, ಹಸಿ ಬಟ್ಟೆಯನ್ನು ಅದ್ದಿ ಐದು ನಿಮಿಷ ಆಡಿಸಿದೆ. ಒಣ ಬಟ್ಟೆ ಹಾಕಿದರೆ ಕಲೆ ಕಲೆಯಾಗುತ್ತದೆ. ಬಣ್ಣ ಹಾಲಿನ ಕೆನೆಯಷ್ಟಕ್ಕೆ ಬಂತು, ದೀಪದಲ್ಲಿ ಅದೇ ಬಿಳಿಯಾಗಿ ಕಾಣುತ್ತದೆ.

ಎರಡನೆಯದು ಬನಿಯನ್. ತೋಳಿಲ್ಲದ ಬನಿಯನ್ನಿನ ಗೆರೆ, ಅದರ ಮೇಲೆ ಮೈಕಿನ ವೈರು, ಎಲ್ಲ ಕೊನೆ ಸಾಲಿಗೂ ಸ್ಪಷ್ಟ! ಬನಿಯನ್ ಬಿಡಿಸಿದೆವು. ನಟನಿಗೆ ಮುಜುಗರವಿತ್ತು, ಲೇಪಾಕ್ಷಿಯ ಫೋಟೋ ತೋರಿಸಿದ ಮೇಲೆ ಒಪ್ಪಿದ. ಮೈಕಿನ ಬ್ಯಾಟರಿ ಡಬ್ಬಿಗೆ ನಡುಕಟ್ಟಿನೊಳಗೆ ಚೀಲ ಹೊಲಿದೆ. ವೈರನ್ನು ಬೆನ್ನ ಮೇಲೆ ಮೈ ಬಣ್ಣದ ಟೇಪಿನಿಂದ ಅಂಟಿಸುತ್ತೇವೆ. ನಡುಕಟ್ಟಿಗೆ ತಂದ ರೇಷ್ಮೆ ಮಿಶ್ರಣದ ಬಟ್ಟೆ ₹250.

ಖರ್ಚು

ಮೆಷಿನ್ ಮತ್ತು ರಿಪೇರಿ ಸೇರಿ ₹3,135. ಕೆಟ್ಟುಹೋದ ಮಲ್‌ಮಲ್ ₹520. ಖಾದಿ, ದಾರ ₹50, ಟೋಪಿ, ನಡುಕಟ್ಟು ಸೇರಿ ₹1,065. ಒಟ್ಟು ₹4,720. ಮುಂದಿನ ಜೊತೆಗೆ ಸುಮಾರು ಸಾವಿರ ಸಾಕು. ಕೆಟ್ಟ ಮಲ್‌ಮಲ್ ವ್ಯರ್ಥವಾಗಿಲ್ಲ, ಬಿಚ್ಚಿ ಟೋಪಿಗಳ ಅಸ್ತರಿಗೆ ಇಟ್ಟಿದ್ದೇನೆ.

ಈಗ ಸಿಕ್ಕಿಕೊಂಡಿರುವುದು

ಇದು ಆಸ್ಥಾನಿಕನ ಜೊತೆ. ರಾಜನಿಗೆ ಪಾಯಸ್ ಹೇಳಿದ ಚಿನ್ನದ ಗುಲಾಬಿ ಬೇಕು. ಆರಿ ಕಸೂತಿ ಮಾಡುವವರು ಒಂದು ಹೂವಿಗೆ ₹60 ಕೇಳಿದರು. 80 ಹೂವಿಗೆ ₹4,800. ಇಡೀ ನಾಟಕದ ಉಡುಪಿನ ದುಡ್ಡೇ ಅಷ್ಟಿಲ್ಲ.

ಬನಾರಸಿ ಸೀರೆಯ ಬುಟ್ಟಾಗಳನ್ನು ಕತ್ತರಿಸಿ ಹೊಲಿದು ನೋಡಿದೆ. ಅಂಚಿನ ಜರಿ ಬಿಚ್ಚಿಕೊಳ್ಳುತ್ತದೆ. ಇಸ್ತ್ರಿಯಲ್ಲಿ ಅಂಟುವ ಹಾಳೆ ಇಟ್ಟರೆ ಅಂಚು ನಿಲ್ಲುತ್ತದೆ, ಆದರೆ ತೆಳು ಖಾದಿಯ ಮೇಲೆ ಬಿಲ್ಲೆ ಅಂಟಿಸಿದಷ್ಟು ಬಿರುಸು. ಚಿನ್ನದ ಬಣ್ಣದ ಅಚ್ಚು ಒತ್ತಿದ್ದು ಹತ್ತಿರದಿಂದ ಚೆನ್ನಾಗಿದೆ, ದೂರಕ್ಕೆ ಹಳದಿ ಕಲೆಯಂತೆ ಕಾಣುತ್ತದೆ. ಸದ್ಯ ಅಚ್ಚಿನ ಮೇಲೆ ಹೂವಿನ ನಡುವಿಗೆ ಮಾತ್ರ ಜರಿ ದಾರದಲ್ಲಿ ಮೂರು ನಾಲ್ಕು ಹೊಲಿಗೆ ಹಾಕಿ ಪರೀಕ್ಷೆ ಮಾಡುತ್ತಿದ್ದೇನೆ. ಜರಿ ದಾರವನ್ನು ಮೆಷಿನ್ ಸೂಜಿಗೆ ಹಾಕಿದರೆ ಸುಲಿದುಹೋಗುತ್ತದೆ. ಬಾಬಿನ್‌ಗೆ ಸುತ್ತಿ, ಬಟ್ಟೆಯನ್ನು ಉಲ್ಟಾ ಇಟ್ಟು ಹೊಲಿದರೆ ಬರುತ್ತದೆ. ಬಾಬಿನ್ ಕೇಸಿನ ಸ್ಕ್ರೂ ಅರ್ಧ ಸುತ್ತು ಸಡಿಲ ಮಾಡಬೇಕು, ಅದಕ್ಕೆ ಬೇರೆ ಬಾಬಿನ್ ಕೇಸನ್ನೇ ಇಟ್ಟುಕೊಂಡರೆ ಒಳ್ಳೆಯದು. ನಾಳೆ ಇನ್ನೊಂದು ತರಬೇಕು, ₹80.